ಕುರ್ಲಾದಲ್ಲಿ ಹುಟ್ಟಿದ ಡಾಜ್: ಒಂದು ಕಾರಿನ ಮೂಲಶೋಧ

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂಬುದು ನಮ್ಮ ಹಿರಿಯರ ಮಾತು. ಹಳೆಯ ಕಾರುಗಳ ವಿಷಯದಲ್ಲಿ ಈ ಮಾತು ನಡೆಯುವುದಿಲ್ಲ. ಐವತ್ತು, ಅರುವತ್ತು ವರ್ಷ ದಾಟಿದ ಕಾರೊಂದು ಕೈಗೆ ಬಂದರೆ ಅದರ ಬೆಲೆ, ಅದಕ್ಕೆ ಹೊಂದುವ ಬಿಡಿಭಾಗ, ಅದರ ಬಗ್ಗೆ ಹೇಳಬಹುದಾದ ಚರಿತ್ರೆ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತವೆ: ಇದು ಹುಟ್ಟಿದ್ದು ಎಲ್ಲಿ? ಬಾನೆಟ್ಟಿನ ಮೇಲಿರುವ ಹೆಸರನ್ನು ಓದಿ ಉತ್ತರ ಹೇಳುವುದು ಸುಲಭ. ಆದರೆ ಆ ಉತ್ತರ ಎಷ್ಟೋ ಸಲ ಅರ್ಧಸತ್ಯ ಮಾತ್ರ. ನಮ್ಮ ಮುಂಬಯಿಯ ಕುರ್ಲಾದಲ್ಲಿ ತಯಾರಾದ ಡಾಜ್, ಪ್ಲಿಮತ್ ಮತ್ತು ಡಿಸೋಟೊ ಕಾರುಗಳು ಇದಕ್ಕೆ ಒಳ್ಳೆಯ ನಿದರ್ಶನ.

ಇಂಥ ಪ್ರಶ್ನೆ ಜಗತ್ತಿನ ಬೇರೆಡೆ ಹೆಚ್ಚಾಗಿ ಏಳುವುದು ‘ಮಸಲ್ ಕಾರ್’ ಎಂದು ಕರೆಯಲಾಗುವ ವರ್ಗದ ಬಗ್ಗೆ. ಮಧ್ಯಮ ಗಾತ್ರದ ಒಡಲಿಗೆ ದೊಡ್ಡ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ, ಸಾಮಾನ್ಯ ಗ್ರಾಹಕನಿಗೆ ಓಟದ ಕಾರಿನ ವೇಗವನ್ನು ಕೊಡುವ ಈ ಅಮೆರಿಕನ್ ಪದ್ಧತಿ 1964ರ ಪಾಂಟಿಯಾಕ್ ಜಿಟಿಒ ಕಾರಿನಿಂದ ಜನಪ್ರಿಯವಾಯಿತು. ಕ್ರೈಸ್ಲರ್ ಸಂಸ್ಥೆ 1966ರಲ್ಲಿ ಡಾಜ್ ಚಾರ್ಜರನ್ನು ಹೊರತಂದಿತು. ಆದರೆ ಚಾರ್ಜರ್ ಎಂಬ ಹೆಸರು ಹೊತ್ತ ಕಾರುಗಳೆಲ್ಲ ಅಮೆರಿಕದಲ್ಲಿ ಹುಟ್ಟಿದವಲ್ಲ. 1971ರಲ್ಲಿ ಬ್ರೆಜಿಲ್‌ನಲ್ಲಿ ಬಂದ ಚಾರ್ಜರ್ ಆರ್‌ಟಿ, ಒಡಲಿನಲ್ಲಿ ಅಮೆರಿಕದ ಚಾರ್ಜರ್ ಅಲ್ಲವೇ ಅಲ್ಲ; ಅದು ಡಾರ್ಟ್ ಎಂಬ ಚಿಕ್ಕ ಕಾರಿನ ಎರಡು ಬಾಗಿಲಿನ ರೂಪ. ಅದೇ ವರ್ಷ ಆಸ್ಟ್ರೇಲಿಯಾದ ಅಡಿಲೇಡ್ ಬಳಿಯ ಕಾರ್ಖಾನೆಯಿಂದ ಬಂದ ವೇಲಿಯಂಟ್ ಚಾರ್ಜರಿನ ಪ್ರಸಿದ್ಧ ಓಟದ ಮಾದರಿಗಳಲ್ಲಿ ಎಂಟು ಸಿಲಿಂಡರಿನ ಎಂಜಿನ್ ಕೂಡ ಇರಲಿಲ್ಲ, ಆರೇ ಸಿಲಿಂಡರ್. ಅಮೆರಿಕದ ಪುಸ್ತಕವೊಂದನ್ನೇ ಕೈಯಲ್ಲಿ ಹಿಡಿದು ಇವುಗಳ ಮುಂದೆ ನಿಂತವನಿಗೆ ಯಾವುದೂ ತಾಳೆಯಾಗುವುದಿಲ್ಲ. ಇದು ನಕಲಿಯೆಂದೋ ಯಾರೋ ಕೈಯಾಡಿಸಿ ಕೆಡಿಸಿದ ಕಾರೆಂದೋ ಅವನು ತೀರ್ಮಾನಿಸಿಬಿಡುತ್ತಾನೆ. ನಿಜವಾಗಿ ಅವು ತಮ್ಮ ನೆಲದಲ್ಲಿ ಕ್ರಮಬದ್ಧವಾಗಿಯೇ ಹುಟ್ಟಿದವು.

ಕ್ರೈಸ್ಲರ್ ಕುಟುಂಬದ ಈ ಹೊರನಾಡ ಮಕ್ಕಳ ಪೈಕಿ ಕುರ್ಲಾದ ಕಾರುಗಳು ವಯಸ್ಸಿನಲ್ಲಿ ಹಿರಿಯವು. ಅವು ಮಸಲ್ ಕಾರುಗಳಲ್ಲ; ಸಂಸಾರವಂದಿಗರಿಗೆಂದು ಮಾಡಿದ ಗಂಭೀರ ಸ್ವಭಾವದ ದೊಡ್ಡ ಸೆಡಾನುಗಳು. ಆದರೆ ಗೊಂದಲದ ಸ್ವರೂಪ ಅದೇ, ಅದನ್ನು ಬಿಡಿಸುವ ಕ್ರಮವೂ ಅದೇ. ಹೆಚ್ಚಿನದೆಂದರೆ, ಈ ಕಾರುಗಳ ವಂಶಾವಳಿಯಲ್ಲಿ ನಮ್ಮವರೇ ಆದ ಒಬ್ಬ ಹಿರಿಯರ ಹೆಸರಿದೆ.

ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು ನಾವು ಕನ್ನಂಬಾಡಿಯೊಂದಿಗೆ, ಭದ್ರಾವತಿಯೊಂದಿಗೆ ನೆನೆಯುತ್ತೇವೆ. ಅವರ ವೃತ್ತಿಜೀವನ ಆರಂಭವಾದದ್ದು ಮಾತ್ರ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ. ಪುಣೆಯಲ್ಲಿ ಓದು ಮುಗಿಸಿ ಈ ಪ್ರಾಂತದ ಸೇವೆಗೆ ಸೇರಿದ ಅವರು ಎರಡು ದಶಕಗಳಿಗೂ ಮೀರಿ ಇಲ್ಲಿ ದುಡಿದರು. ದಿವಾನಗಿರಿ ಬಿಟ್ಟು ಬಹಳ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಭಾರತದಲ್ಲೊಂದು ಮೋಟಾರು ಕಾರ್ಖಾನೆ ಆಗಬೇಕೆಂಬ ಹಂಬಲ ಅವರನ್ನು ಹಿಡಿಯಿತು. 1935ರಲ್ಲಿ ಅವರು ಯುರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಉದ್ಯಮವನ್ನು ಕಣ್ಣಾರೆ ಕಂಡುಬಂದರು. 1936ರಲ್ಲಿ ಮುಂಬಯಿಯಲ್ಲಿ ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. 1937ರಲ್ಲಿ ಅಧಿಕಾರಕ್ಕೆ ಬಂದ ಬಿ.ಜಿ. ಖೇರರ ಕಾಂಗ್ರೆಸ್ ಸಚಿವ ಸಂಪುಟ ಯೋಜನೆಗೆ ಒತ್ತಾಸೆಯಾಯಿತು. ಆದರೆ 1939ರಲ್ಲಿ ಯುದ್ಧ ಆರಂಭವಾಗಿ ಸಂಪುಟ ರಾಜೀನಾಮೆ ಕೊಟ್ಟಿತು. ಅದರೊಂದಿಗೆ ಸರಕಾರದ ಆಸರೆಯೂ ಕಳಚಿತು.

ಈ ಯತ್ನದಲ್ಲಿ ಅವರೊಂದಿಗೆ ಹೆಗಲು ಕೊಟ್ಟವರು ಉದ್ಯಮಿ ವಾಲಚಂದ್ ಹೀರಾಚಂದ್. ವಾಲಚಂದರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಗಡಿಯೂರಿನಲ್ಲಿ. ಕಾರ್ಖಾನೆಗೆ ತಾಂತ್ರಿಕ ನೆರವು ಅರಸಿ ಅವರು ಅಮೆರಿಕಕ್ಕೆ ಹೋದರು. ಕೊನೆಗೆ ಒಪ್ಪಂದ ಕುದುರಿದ್ದು ಕ್ರೈಸ್ಲರ್ ಸಂಸ್ಥೆಯೊಂದಿಗೆ. 1939ರ ಆ ಪ್ರವಾಸದಿಂದ ಮರಳುವ ದಾರಿಯಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ಪರಿಚಯವಾಯಿತು. ಕಾರು ಹುಡುಕಿ ಹೋದವರ ತಲೆಯಲ್ಲಿ ವಿಮಾನ ಹೊಕ್ಕಿತು. ಅದರ ಫಲವೇ 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಏರ್‌ಕ್ರಾಫ್ಟ್, ಇಂದಿನ ಎಚ್‌ಎಎಲ್.

ಬೆಂಗಳೂರಿಗೆ ಕಾರ್ಖಾನೆಗಳಲ್ಲಿ ಎರಡೂ ದಕ್ಕುವ ಸಾಧ್ಯತೆಯಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲರು ಮೋಟಾರು ಕಾರ್ಖಾನೆಯನ್ನೂ ಮೈಸೂರು ಸಂಸ್ಥಾನಕ್ಕೆ ತರಲು ಆಸಕ್ತಿ ವಹಿಸಿದರು. ಬ್ರಿಟಿಷ್ ಆಡಳಿತದ ಅಡ್ಡಿಯಿಂದ ಅದು ಕೈಗೂಡಲಿಲ್ಲ. ಯುದ್ಧಕ್ಕೆ ಬೇಕಾಗಿದ್ದ ವಿಮಾನಕ್ಕೆ ದೊರೆತ ಅನುಮತಿ ಕಾರಿಗೆ ದೊರೆಯಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಲಿಮಿಟೆಡ್ ಸ್ಥಾಪನೆಯಾಗಿ, ಮುಂಬಯಿಯ ಹೊರವಲಯವಾಗಿದ್ದ ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. 1947ರಲ್ಲಿ ಅಲ್ಲಿಂದ ವಾಹನಗಳು ಹೊರಬರತೊಡಗಿದವು. ಬೆಂಗಳೂರಿನದಾಗಬಹುದಾಗಿದ್ದ ಕಾರು ಹೀಗೆ ಕುರ್ಲಾದ್ದಾಯಿತು.

ಇನ್ನು ಆ ಕಾರುಗಳ ಹೆಸರಿನ ಗೊಂದಲಕ್ಕೆ ಬರೋಣ. ವಾಲ್ಟರ್ ಕ್ರೈಸ್ಲರ್ 1925ರಲ್ಲಿ ಸ್ಥಾಪಿಸಿದ ಸಂಸ್ಥೆ 1928ರಲ್ಲಿ ಡಾಜ್ ಕಂಪನಿಯನ್ನು ಕೊಂಡಿತು. ಅದೇ ವರ್ಷ ಪ್ಲಿಮತ್ ಮತ್ತು ಡಿಸೋಟೊ ಎಂಬ ಹೊಸ ಹೆಸರುಗಳನ್ನು ಹುಟ್ಟುಹಾಕಿತು. ಪ್ಲಿಮತ್ ಅಗ್ಗದ್ದು, ಡಾಜ್, ಡಿಸೋಟೊಗಳು ಅದಕ್ಕಿಂತ ಮೇಲಿನವು. ಹೊರದೇಶಗಳಲ್ಲಿ ಡಾಜ್ ಮಾರುವ ವ್ಯಾಪಾರಿಗೂ ಡಿಸೋಟೊ ಮಾರುವ ವ್ಯಾಪಾರಿಗೂ ಅಗ್ಗದ ಕಾರೊಂದು ಬೇಕಿತ್ತು. ಅದಕ್ಕಾಗಿ ಹೊಸ ಕಾರನ್ನೇ ರಚಿಸುವ ಖರ್ಚನ್ನು ಸಂಸ್ಥೆ ಮಾಡಲಿಲ್ಲ. ಪ್ಲಿಮತ್ತಿನ ಒಡಲಿಗೆ ಡಾಜ್ ಬಗೆಯ ಮುಂಜಾಲರಿ ಹಾಕಿದರೆ ಡಾಜ್ ಕಿಂಗ್ಸ್‌ವೇ, ಡಿಸೋಟೊ ಬಗೆಯ ಮುಂಜಾಲರಿ ಹಾಕಿದರೆ ಡಿಸೋಟೊ ಡಿಪ್ಲೊಮ್ಯಾಟ್. ಕುರ್ಲಾದಲ್ಲಿ ಈ ಎರಡೂ ತಯಾರಾದವು, ಜೊತೆಗೆ ಪ್ಲಿಮತ್ ಸವಾಯ್ ಕೂಡ. ಲಾರಿಗಳಲ್ಲೂ ಇದೇ ಲೆಕ್ಕ. ನಮ್ಮ ಹಳ್ಳಿಗಳ ತನಕ ಹೆಸರು ಮುಟ್ಟಿದ ಫಾರ್ಗೋ ಲಾರಿ, ಡಾಜ್ ಲಾರಿಯ ಇನ್ನೊಂದು ಹೆಸರಷ್ಟೆ. ಒಂದೇ ತಾಯಿಯ ಮಕ್ಕಳಿಗೆ ಬೇರೆ ಬೇರೆ ಮನೆತನದ ಹೆಸರಿಟ್ಟು ಕಳುಹಿಸಿದಂತೆ.

ಆದ್ದರಿಂದ ಕಿಂಗ್ಸ್‌ವೇ ಕಾರನ್ನು ಅಮೆರಿಕದ ಪೇಟೆಯ ಡಾಜ್ ಕಾರುಗಳ ಪಟ್ಟಿಯೊಂದಿಗೆ ತಾಳೆ ನೋಡಿದರೆ ಹೊಂದುವುದಿಲ್ಲ. ಮುಖ ಡಾಜ್, ಮೈ ಪ್ಲಿಮತ್, ಚಕ್ರ ಹಿಡಿಯುವ ಜಾಗ ಬಲಗಡೆ. ಇದು ಕೈಯಾಡಿಸಿದ ಕಾರಲ್ಲ; ಹುಟ್ಟಿದ್ದೇ ಹಾಗೆ. ಮೂಲಶೋಧದ ಮೊದಲ ಪಾಠವೂ ಇದೇ. ‘ಎಲ್ಲಿಯದು’ ಎಂಬ ಒಂದು ಪ್ರಶ್ನೆಯೊಳಗೆ ಹಲವು ಪ್ರಶ್ನೆಗಳು ಅಡಗಿವೆ: ರೂಪ ಕೊಟ್ಟದ್ದು ಎಲ್ಲಿ, ತಗಡನ್ನು ಅಚ್ಚಿನಲ್ಲಿ ಒತ್ತಿದ್ದು ಎಲ್ಲಿ, ಎಂಜಿನ್ ಎರಕ ಹೊಯ್ದದ್ದು ಎಲ್ಲಿ, ಜೋಡಿಸಿದ್ದು ಎಲ್ಲಿ, ನೋಂದಾಯಿಸಿದ್ದು ಎಲ್ಲಿ. ಪ್ರತಿಯೊಂದಕ್ಕೂ ಬೇರೆ ಊರಿನ ಉತ್ತರ ಬರಬಹುದು.

ಇವುಗಳಲ್ಲಿ ಎಲ್ಲಕ್ಕಿಂತ ದುರ್ಬಲ ಸಾಕ್ಷಿ ನಂಬರ್ ಪ್ಲೇಟಿನದು. ಹಳೆಯ ಮುಂಬಯಿ ನೋಂದಣಿ ‘ಬಿಎಂ’ ಅಕ್ಷರಗಳಿಂದ, ಮೈಸೂರಿನದು ‘ಎಂವೈ’ ಅಕ್ಷರಗಳಿಂದ ಆರಂಭವಾಗುತ್ತಿತ್ತು. ಆದರೆ ಅದು ಹೇಳುವುದು ಕಾರು ಕಚೇರಿಯ ಲೆಕ್ಕಕ್ಕೆ ಎಲ್ಲಿ ಸೇರಿತೆಂಬುದನ್ನು ಮಾತ್ರ. ಮುಂಬಯಿ ನಂಬರಿನ ಎಷ್ಟೋ ಕಾರುಗಳು ಪೂರ್ಣ ರೂಪದಲ್ಲಿ ಹಡಗಿನಿಂದ ಇಳಿದವು. ಮೈಸೂರು ನಂಬರಿನ ಎಷ್ಟೋ ಕಾರುಗಳು ಕುರ್ಲಾದಿಂದ ಹೋದವು. ಅದಕ್ಕಿಂತ ಗಟ್ಟಿ ಸಾಕ್ಷಿ ಕಾರ್ಖಾನೆ ಹೊಡೆದ ತಗಡಿನ ಫಲಕ ಮತ್ತು ಛಾಸಿಯ ಮೇಲೆ ಕೊರೆದ ಅಂಕಿಗಳು. ಅವನ್ನು ನೋಂದಣಿ ಪುಸ್ತಕದ ಅಂಕಿಗಳೊಂದಿಗೆ ಹೋಲಿಸಬೇಕು. ಅಲ್ಲಿ ತಾಳೆಯಾದರೆ ಮುಂದಿನ ಹೆಜ್ಜೆ ಎಂಜಿನ್.

ಈ ಕಾರುಗಳದು ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ, ಕವಾಟಗಳು ಪಕ್ಕದಲ್ಲಿರುವ ಹಳೆಯ ಮಾದರಿಯ ಎಂಜಿನ್. ಹೊರನೋಟಕ್ಕೆ ಕ್ರೈಸ್ಲರಿನ ಇಂಥ ಎಂಜಿನುಗಳೆಲ್ಲ ಒಂದೇ ಬಗೆ. ಆದರೆ ಅಳತೆಪಟ್ಟಿ ಹಿಡಿದರೆ ಗುಟ್ಟು ರಟ್ಟಾಗುತ್ತದೆ. ಅಮೆರಿಕದ ಪ್ಲಿಮತ್, ಡಾಜ್ ಕಾರುಗಳ ಎಂಜಿನ್ ಹೆಡ್ ಸುಮಾರು 23 ಅಂಗುಲ ಉದ್ದ; ಕೆನಡಾದ ವಿಂಡ್ಸರ್ ಕಾರ್ಖಾನೆಯಲ್ಲಿ ಪ್ಲಿಮತ್ತಿಗೂ ಡಾಜಿಗೂ ಬಳಸುತ್ತಿದ್ದುದು ಸುಮಾರು 25 ಅಂಗುಲದ್ದು. ಈ ಎರಡು ಅಂಗುಲ ಒಂದು ಎಂಜಿನ್ ಯಾವ ದೇಶದ ಸಾಲಿಗೆ ಸೇರಿದ್ದೆಂಬುದಕ್ಕೆ ಸುಳುಹು ಕೊಡುತ್ತದೆ. ಅಷ್ಟೇ ಅಲ್ಲ, ದುರಸ್ತಿಯ ಹೊತ್ತಿಗೆ ತಪ್ಪು ಗ್ಯಾಸ್ಕೆಟ್ ತರಿಸಿ ದುಡ್ಡು ಕಳೆದುಕೊಳ್ಳುವುದನ್ನೂ ತಪ್ಪಿಸುತ್ತದೆ. ಎಂಜಿನ್ ಬದಲಾಗಿರುವ ಸಾಧ್ಯತೆಯನ್ನು ಮಾತ್ರ ಸದಾ ನೆನಪಿಡಬೇಕು. ಪೆಟ್ರೋಲ್ ಬೆಲೆಗೆ ಹೆದರಿ ದೊಡ್ಡ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ದೇಶದಲ್ಲಿ ಸಾಮಾನ್ಯ ಸಂಗತಿಯಾಗಿತ್ತು.

ಜೋಡಣೆ ಬೇರೆ, ತಯಾರಿಕೆ ಬೇರೆ. ಕುರ್ಲಾದ ಕಾರುಗಳ ಚರಿತ್ರೆಯಲ್ಲಿ ಈ ಭೇದವೇ ಮುಖ್ಯವಾದುದು. ಜನರಲ್ ಮೋಟರ್ಸ್ ಸಂಸ್ಥೆ 1928ರಿಂದಲೇ ಮುಂಬಯಿಯ ಶಿವಡಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ಅಲ್ಲಿಗೆ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಕೂಡಿಸಿ ಮಾರುವುದಷ್ಟೆ ಕೆಲಸ. ವಿಶ್ವೇಶ್ವರಯ್ಯನವರು ಬಯಸಿದ್ದು ಇದನ್ನಲ್ಲ. ಇಲ್ಲಿಯ ಉಕ್ಕು, ಇಲ್ಲಿಯ ಎರಕ, ಇಲ್ಲಿಯ ಕೈ ಸೇರಿ ಕಾರು ಆಗಬೇಕೆಂಬುದು ಅವರ ಹಟ. ಕುರ್ಲಾದ ಕಾರ್ಖಾನೆಯೂ ಆರಂಭದಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಿದ್ದೇ. ಆದರೆ ಅದರ ಗುರಿ ಅಲ್ಲಿಗೆ ನಿಲ್ಲುವುದಾಗಿರಲಿಲ್ಲ. 1953ರಲ್ಲಿ ಸುಂಕ ಆಯೋಗದ ವರದಿಯ ಮೇರೆಗೆ ಕೇಂದ್ರ ಸರಕಾರ ಒಂದು ನಿರ್ಧಾರಕ್ಕೆ ಬಂತು: ಹಂತಹಂತವಾಗಿ ಇಲ್ಲಿಯೇ ತಯಾರಿಸುವ ಕಾರ್ಯಕ್ರಮ ಇರುವವರಿಗೆ ಮಾತ್ರ ಅವಕಾಶ. ಬರಿಯ ಜೋಡಣೆ ಮಾಡುತ್ತಿದ್ದ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಇದಾದ ಮೇಲೆ ಭಾರತದಿಂದ ಹೊರನಡೆದವು. ಕುರ್ಲಾದ ಪ್ರೀಮಿಯರ್, ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್ ಉಳಿದವು. ವಾಲಚಂದರು ತೀರಿಕೊಂಡದ್ದು ಅದೇ 1953ರಲ್ಲಿ.

ಹೀಗಾಗಿ 1947ರ ಕುರ್ಲಾ ಕಾರೂ 1950ರ ದಶಕದ ನಡುವಿನ ಕುರ್ಲಾ ಕಾರೂ ಒಂದೇ ಅರ್ಥದಲ್ಲಿ ‘ಕುರ್ಲಾದವು’ ಅಲ್ಲ. ಮೊದಲಿನದರಲ್ಲಿ ಊರಿನ ಪಾಲು ಕೈಕೆಲಸದ್ದು. ನಂತರದ್ದರಲ್ಲಿ ವಸ್ತುವಿನದೂ ಹೌದು. ವರ್ಷ ಕಳೆದಂತೆ ಒಂದೊಂದೇ ಭಾಗ ಹಡಗಿನಿಂದ ಇಳಿಯುವುದು ನಿಂತು ಸುತ್ತಲಿನ ಕಾರ್ಖಾನೆಗಳಿಂದ ಬರತೊಡಗಿತು. ಕಾರಿನ ಬೇರೆಬೇರೆ ಭಾಗಗಳ ಮೇಲಿರುವ ತಯಾರಕರ ಗುರುತುಗಳನ್ನು ಓದುತ್ತ ಹೋದರೆ ಈ ಪಲ್ಲಟವನ್ನು ಕಣ್ಣಾರೆ ಕಾಣಬಹುದು. ಹಳೆಯ ಕಾರೊಂದು ಆಗ ದಾಖಲೆಗಳ ಕಟ್ಟಿನಂತೆ ತೆರೆದುಕೊಳ್ಳುತ್ತದೆ.

ದೊಡ್ಡ ಅಮೆರಿಕನ್ ಕಾರುಗಳ ಕಾಲ ಇಲ್ಲಿ ಬಹಳ ನಡೆಯಲಿಲ್ಲ. 1950ರ ದಶಕದ ಕೊನೆಯ ವಿದೇಶಿ ವಿನಿಮಯದ ಮುಗ್ಗಟ್ಟಿನಲ್ಲಿ ಇಂಥ ಕಾರು ದೇಶಕ್ಕೆ ಭಾರವಾಗಿ ಕಂಡಿತು. ಕುರ್ಲಾದ ಇನ್ನೊಂದು ಸಂಬಂಧ ಆಗ ಬಲವಾಯಿತು. 1951ರಲ್ಲಿ ಇಟಲಿಯ ಫಿಯಟ್ ಸಂಸ್ಥೆಯೊಂದಿಗೆ ಆದ ಒಪ್ಪಂದದಿಂದ ಮೊದಲು ಫಿಯಟ್ 500, 1954ರಲ್ಲಿ ಫಿಯಟ್ 1100, 1964ರಲ್ಲಿ 1100 ಡಿಲೈಟ್ ಬಂದವು. ಒಪ್ಪಂದ ಮುಗಿದಾಗ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. ಪದ್ಮಿನಿಯ ಮೂಲ ಕೇಳಿದರೆ ಇಟಲಿಯೆಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಅಲ್ಲಿಯೂ ಒಂದು ಅಂಕಿ ನಿಜವನ್ನು ಹೇಳುತ್ತದೆ. ಇಟಲಿಯ ಫಿಯಟ್ 1100 ಡಿ ಕಾರಿನ ಎಂಜಿನ್ 1221 ಸಿಸಿ. ಅದೇ ಒಡಲಿನ ನಮ್ಮ ಪದ್ಮಿನಿಯದು 1089 ಸಿಸಿ. ಮೇಲಂಗಿ ಹೊಸದಾದಾಗಲೂ ಕುರ್ಲಾ ತನಗೆ ಪಳಗಿದ ಹಳೆಯ ಅಳತೆಯ ಎಂಜಿನನ್ನು ಬಿಡಲಿಲ್ಲ. ಒಂದು ಕಾರು ಟ್ಯೂರಿನಿನದೋ ಕುರ್ಲಾದ್ದೋ ಎಂದು ತಿಳಿಯಲು ಈ 132 ಸಿಸಿ ಅಂತರವೂ ಒಂದು ಸಾಧನ.

ಕಾರುಗಳನ್ನು ಮಾಡಿದ ಕೈಗಳ ಗುರುತು ಯಾವ ಫಲಕದ ಮೇಲೂ ಇಲ್ಲ. ಅದು ಬೇರೊಂದು ಕಡೆ ಉಳಿದಿದೆ. ಕುರ್ಲಾ ಕಾರ್ಖಾನೆಯ ಮೋಟಾರು ತಯಾರಿಕಾ ವಿಭಾಗದ ಪ್ರೋತ್ಸಾಹಧನದ ಬಗ್ಗೆ ಎದ್ದ ವಿವಾದ ಸುಪ್ರೀಂ ಕೋರ್ಟಿನ ತನಕ ಹೋಯಿತು. 1975ರಲ್ಲಿ ಬಂದ ಆ ತೀರ್ಪನ್ನು ಕಾರ್ಮಿಕ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕೈಗಾರಿಕಾ ವಿವಾದಗಳ ಕಾಯಿದೆಯಿಂದಲೇ ಹುಟ್ಟುವ ಹಕ್ಕಿಗೆ ಪರಿಹಾರವನ್ನು ಆ ಕಾಯಿದೆಯ ದಾರಿಯಲ್ಲೇ ಪಡೆಯಬೇಕು, ಸಿವಿಲ್ ನ್ಯಾಯಾಲಯದಲ್ಲಿ ಅಲ್ಲ ಎಂಬುದು ಅದರ ಸಾರ. ಫಿಯಟ್ ಕಾರೊಂದರ ಬೆನ್ನ ಹಿಂದೆ ಕೂಲಿಯ ಲೆಕ್ಕ, ಸಂಘಗಳ ಪೈಪೋಟಿ, ನ್ಯಾಯಾಲಯದ ಅಲೆದಾಟ ಇದ್ದವೆಂಬುದನ್ನು ನೆನಪಿಸುವ ದಾಖಲೆ ಇದು. ಕಾರಿನ ಮೂಲವನ್ನು ಅರಸುವವರು ಕಾರಿನೊಳಗೆ ಮಾತ್ರ ಹುಡುಕಿದರೆ ಸಾಲದು.

ಈಗ ಇದೆಲ್ಲ ಏಕೆ ಮುಖ್ಯವೆಂದರೆ, ಸಾಕ್ಷಿಗಳು ಕರಗುತ್ತಿವೆ. ಪದ್ಮಿನಿ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. ಮುಂಬಯಿಯ ಕಪ್ಪುಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2003ರ ಅಕ್ಟೋಬರಿನಲ್ಲಿ ತಾಡದೇವದ ಕಚೇರಿಯಲ್ಲಿ ನೋಂದಣಿಯಾದದ್ದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆಯಿಂದ ಸರಿಯಿತು. ಕುರ್ಲಾದಲ್ಲಿ ಪ್ರೀಮಿಯರಿನ ಜಾಗದಲ್ಲಿ ಈಗ ಕೊಹಿನೂರ್ ಸಿಟಿಯ ಕಟ್ಟಡಗಳಿವೆ. ಸ್ಥಳ ಹೋಯಿತು, ಟ್ಯಾಕ್ಸಿ ಹೋಯಿತು. ಉಳಿದಿರುವುದು ಅಲ್ಲಲ್ಲಿ ಶೆಡ್ಡುಗಳಲ್ಲಿ ನಿಂತಿರುವ ಕಾರುಗಳು.

ಅವುಗಳಿಗೂ ಒಂದು ಅಪಾಯವಿದೆ, ಮತ್ತು ಅದು ಪ್ರೀತಿಯಿಂದಲೇ ಬರುವಂಥದು. ಕುರ್ಲಾದ ಕಿಂಗ್ಸ್‌ವೇ ಒಂದನ್ನು ‘ಶುದ್ಧ’ ಅಮೆರಿಕನ್ ಡಾಜ್ ಮಾಡುವ ಆಸೆಯಿಂದ ಅದರ ಭಾರತೀಯ ಭಾಗಗಳನ್ನು ಕಿತ್ತು, ಹೊರದೇಶದಿಂದ ತರಿಸಿದ ಜಾಲರಿ, ದೀಪ, ಬಿಲ್ಲೆಗಳನ್ನು ಹಾಕಿದರೆ ಕಾರು ಹೊಳೆಯುತ್ತದೆ. ಆದರೆ ಎಂದೂ ಇಲ್ಲದಿದ್ದ ಒಂದು ಕಾರು ಆಗ ಹುಟ್ಟುತ್ತದೆ. ಇದ್ದ ಕಾರು ಇಲ್ಲವಾಗುತ್ತದೆ. ಡೆಟ್ರಾಯಿಟಿನಲ್ಲಿ ತಯಾರಾದ ಡಾಜ್‌ಗಳಿಗೆ ಅಮೆರಿಕದಲ್ಲಿ ಬರವಿಲ್ಲ. ಕುರ್ಲಾದ ಡಾಜ್‌ಗೆ ಕುರ್ಲಾ ಬಿಟ್ಟರೆ ಬೇರೆ ತವರಿಲ್ಲ. ಬ್ರೆಜಿಲ್ ಮತ್ತು ಆಸ್ಟ್ರೇಲಿಯಾದ ಅಭಿಮಾನಿಗಳು ತಮ್ಮ ಚಾರ್ಜರುಗಳನ್ನು ಅಮೆರಿಕದವುಗಳಂತೆ ವೇಷ ತೊಡಿಸದೆ ಅವು ಇದ್ದಂತೆಯೇ ಮೆರೆಸುತ್ತಾರೆ; ಇಂದು ಅವುಗಳಿಗಿರುವ ಗೌರವ ಆ ಭಿನ್ನತೆಯಿಂದಲೇ ಬಂದದ್ದು.

ಎಲ್ಲಿಯೋ ರೂಪುಗೊಂಡು, ಇಲ್ಲಿ ಕೈಕಾಲು ಮೂಡಿಸಿಕೊಂಡು, ಇಲ್ಲಿಯ ರಸ್ತೆಗಳಲ್ಲೇ ಸವೆದದ್ದನ್ನು ‘ಹೊರಗಿನದು’ ಎನ್ನಬೇಕೋ ‘ಇಲ್ಲಿಯದು’ ಎನ್ನಬೇಕೋ? ‘ನಿಮ್ಮ ಊರು ಯಾವುದು’ ಎಂಬ ಪ್ರಶ್ನೆಗೆ ಒಂದೇ ಊರಿನ ಹೆಸರು ಹೇಳಿ ಮುಗಿಸಲಾಗದ ಹೊರನಾಡ ಕನ್ನಡಿಗರಿಗೆ ಈ ಸಮಸ್ಯೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾರಿನ ವಿಷಯದಲ್ಲಿ ಉತ್ತರ ಅಷ್ಟು ಕಷ್ಟದ್ದೂ ಅಲ್ಲ: ಒಂದನ್ನು ಅಳಿಸಿ ಇನ್ನೊಂದನ್ನು ಬರೆಯದೆ ಎಲ್ಲ ಊರುಗಳನ್ನೂ ಬರೆದಿಡುವುದು. ಅಮೆರಿಕದ ವಿನ್ಯಾಸ, ಮುದ್ದೇನಹಳ್ಳಿಯವರ ಯೋಜನೆ, ಸೊಲ್ಲಾಪುರದವರ ಸಾಹಸ, ಕುರ್ಲಾದ ಕೈಕೆಲಸ. ಮನೆಯ ಹಿತ್ತಿಲಿನಲ್ಲೋ ಪರಿಚಿತರ ಶೆಡ್ಡಿನಲ್ಲೋ ಅಂಥ ಕಾರು ನಿಂತಿದ್ದರೆ ಬಣ್ಣ ಬಳಿಯುವ ಮೊದಲು ಫಲಕದ ಚಿತ್ರ ತೆಗೆದಿಡಿ, ಛಾಸಿ ಮತ್ತು ಎಂಜಿನ್ ನಂಬರುಗಳನ್ನು ಗುರುತು ಹಾಕಿಕೊಳ್ಳಿ, ಎಂಜಿನ್ ಹೆಡ್ಡಿನ ಉದ್ದವನ್ನೊಮ್ಮೆ ಅಳೆಯಿರಿ. ಕಿತ್ತ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಒಂದು ಗೋಣಿಯಲ್ಲಿ ಕಟ್ಟಿಡಿ. ಕುರ್ಲಾದ ಕಾರ್ಖಾನೆಯ ಚರಿತ್ರೆಯನ್ನು ಬರೆಯಲು ಮುಂದೆ ಕೂರುವವರಿಗೆ ಅದರಿಂದ ಅನುಕೂಲವಾಗುತ್ತದೆ.